ಕಪ್ಪಮ್ಮನ ಹೆಬ್ಬೆಟ್ಟು

ಗಂಡನ ದಿಂಬಿನ ಗವಸಿನ ಮೇಲೆ ಮತ್ತೆ ರಕ್ತದ ಕಲೆ ಕಂಡಾಗ ಕಪ್ಪಮ್ಮ ಅದನ್ನು ಒಗೆಯಲು ಹಾಕಲಿಲ್ಲ. ನೇರ ತಂದು ತಿಂಡಿಯ ಮೇಜಿನ ಮೇಲೆ, ಬ್ರೆಡ್ಡಿನ ತಟ್ಟೆಯ ಪಕ್ಕದಲ್ಲೇ ಹರವಿದಳು.

"ಇದೇನಿದು?" ಎಂದಳು.

"ಗವಸು," ಎಂದ ಗಂಡ.

"ಅದರ ಮೇಲಿರೋದು?"

"ಕನ್ನಡಕದ ಕಡ್ಡಿ ಉಜ್ಜುತ್ತೆ ಕಣೇ, ಎಷ್ಟು ಸಲ ಹೇಳಲಿ. ಉಜ್ಜಿದ ಕಡೆ ಗಾಯ ಆಗುತ್ತೆ, ಗಾಯ ಆದ ಕಡೆ ರಕ್ತ ಬರುತ್ತೆ."

"ಮಲಗೋವಾಗಲೂ ಕನ್ನಡಕ ಹಾಕ್ಕೊಂಡೇ ಮಲಗ್ತೀರಾ?"

ಅವನು ಚಹಾ ಕುಡಿದ. ಮೇಜಿನ ಆ ತುದಿಯಲ್ಲಿ ಕೂತಿದ್ದ ಅತ್ತೆ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತಾ, "ತಿನ್ನೋ ಜಾಗದಲ್ಲಿ ಅದನ್ನ ಯಾಕಮ್ಮ ಹರವಿದೀಯ? ಅವನು ತೋರಿಸ್ಕೊಳ್ಳೋದಿದ್ರೆ ಯಾವತ್ತೋ ತೋರಿಸ್ಕೊಳ್ತಿದ್ದ," ಎಂದರು. ಮಗಳು ಫೋನಿನಿಂದ ತಲೆ ಎತ್ತದೆ, "ಅಪ್ಪ, ನಾಟಕ ಕಂಪನಿಯವರು ಒಪ್ಪಿದಾರೆ. ಪರದೆಗೆ ಕಪ್ಪು ನೂಲು. ದೊಡ್ಡ ಆರ್ಡರ್ರು," ಎಂದಳು. ಎಲ್ಲರೂ ಆರ್ಡರಿನ ಕಡೆ ತಿರುಗಿದರು. ಗಂಡ ಬದುಕಿದೆಯಾ ಬಡಜೀವವೇ ಎಂದು ಎದ್ದು ಮಹಡಿ ಹತ್ತಿದ.

ಅವರದು ನೂಲಿಗೆ ಬಣ್ಣ ಹಾಕುವ ಮನೆ. ಮುಂದಿನ ಕೋಣೆಗಳಲ್ಲಿ ವಾಸ. ಹಿಂದಿನ ಅಂಗಳದಲ್ಲಿ ಒಲೆ, ಹಂಡೆ, ನೀರಿನ ತೊಟ್ಟಿಗಳು. ಮಹಡಿಯ ಮೇಲೆ ನೂಲು ಒಣಗಿಸುವ ಉದ್ದನೆಯ ಕೋಲುಗಳು. ಮದುವೆಯಾಗಿ ಬಂದಾಗಿನಿಂದ ಅವಳು ಕಂಡಂತೆ ಈ ಮನೆಯಲ್ಲಿ ದುಡಿಯುವ ಯಾರ ಕೈಯೂ ಚರ್ಮದ ಬಣ್ಣದಲ್ಲಿರಲಿಲ್ಲ. ಗಂಡ ದಿನವಿಡೀ ಬಿಸಿಲಲ್ಲಿ ನಿಂತು ನೂಲಿನ ಲಡಿಗಳನ್ನು ಕೋಲಿಗೆ ಹಾಕುತ್ತಿದ್ದ, ತಿರುವುತ್ತಿದ್ದ. ಟೋಪಿ ಹಾಕಿಕೊಳ್ಳಿ ಎಂದರೆ ತಲೆ ಬೆವರುತ್ತೆ ಎನ್ನುತ್ತಿದ್ದ. ಮಗಳು ಆರ್ಡರ್ ಹಿಡಿದು ತರುವವಳು, ವ್ಯಾನ್ ಓಡಿಸಿಕೊಂಡು ಹೋಗಿ ಮಾಲು ಮುಟ್ಟಿಸುವವಳು. ಹಂಡೆ ಮಾತ್ರ ಕಪ್ಪಮ್ಮನದು. ಆ ಹೆಸರು ಅವಳ ಮೈಬಣ್ಣಕ್ಕೆ ಬಂದದ್ದಲ್ಲ, ಕೈಬಣ್ಣಕ್ಕೆ ಬಂದದ್ದು. ಕೆಂಪು, ನೀಲಿಯನ್ನು ಯಾರು ಬೇಕಾದರೂ ಹಾಕುತ್ತಾರೆ. ಒಗೆದರೆ ಬಿಡದ, ಬಿಸಿಲಿಗೆ ಕಂದದ ಕಪ್ಪು ಬೇಕೆಂದರೆ ಅವಳ ಬಾಗಿಲಿಗೇ ಬರಬೇಕು.

ಅವಳ ಗುಟ್ಟೆಲ್ಲ ಬಣ್ಣ ಹಾಕಿದ ನೂಲನ್ನು ನೀರಲ್ಲಿ ಜಾಲಾಡಿಸುವುದರಲ್ಲಿತ್ತು. ಬಲಗೈಯಿಂದ ನೀರು ಹೊಯ್ಯುತ್ತಾ, ಎಡಗೈಯ ಹೆಬ್ಬೆಟ್ಟು ಮತ್ತು ತೋರುಬೆರಳಿನ ನಡುವೆ ನೂಲನ್ನು ಉಜ್ಜಿ ನೋಡುವಳು. ಜಾರಿದರೆ ಬಣ್ಣ ಹಿಡಿಸಲು ಹಾಕಿದ ಸೋಡಾ ಒಳಗಿನ್ನೂ ಇದೆ, ಇನ್ನೊಂದು ನೀರು ಬೇಕು. ಕಿರ್ರೆಂದು ಬೆರಳಿಗೆ ಹಿಡಿದರೆ ಮುಗಿಯಿತು. ಮಗಳು ರಬ್ಬರ್ ಗ್ಲೌಸ್ ತಂದುಕೊಟ್ಟಾಗ ಒಂದು ದಿನ ಹಾಕಿ ನೋಡಿ, "ಇದರಲ್ಲಿ ಎಲ್ಲಾ ಜಾರುತ್ತೆ," ಎಂದು ಮೊಳೆಗೆ ನೇತುಹಾಕಿದ್ದಳು.

ಗಂಡನ ಹುಣ್ಣು ಇದ್ದದ್ದು ಬಲಗಿವಿಯ ಮೇಲಂಚಿನಲ್ಲಿ. ಹಕ್ಕಳೆ ಕಟ್ಟುತ್ತಿತ್ತು, ವಾಸಿಯಾಯಿತು ಅನ್ನುವಷ್ಟರಲ್ಲಿ ಉದುರುತ್ತಿತ್ತು, ಮತ್ತೆ ರಕ್ತ. ಕಪ್ಪಮ್ಮ ಹಟಕ್ಕೆ ಬಿದ್ದಳು. ಮೊದಲು ಅವನನ್ನು ಎಳೆದುಕೊಂಡು ಹೋಗಿ ಹಗುರವಾದ ಹೊಸ ಕನ್ನಡಕ ಕೊಡಿಸಿದಳು. ಮೂಗಿನ ಮೇಲೆ ಹೊಸ ಕನ್ನಡಕ ಬಂತು, ಕಿವಿಯ ಮೇಲೆ ಹಳೆಯ ಹುಣ್ಣೇ ಉಳಿಯಿತು. ಆಮೇಲೆ ಅತ್ತೆಯನ್ನು ಎತ್ತಿಕಟ್ಟಿದಳು. ಆಸ್ಪತ್ರೆಗೆ ಹೋಗುವವರೆಗೂ ನಿನ್ನ ಜೊತೆ ಮಾತಾಡೊಲ್ಲ ಎಂದು ಅವರು ಮಗನಿಗೆ ಹೇಳಿದರು. ಅವನಿಗೆ ಆ ವಾರ ಬಹಳ ನೆಮ್ಮದಿಯಾಗಿ ಕಳೆಯಿತು. ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳದ ಮನುಷ್ಯನಿಗೆ ಕಿವಿಯಲ್ಲೇ ಬರಬೇಕಿತ್ತೇ ಎಂದು ಅವಳು ಒಲೆಯ ಮುಂದೆ ಗೊಣಗಿದಳು.

ಕಡೆಗೆ ಅವನನ್ನು ಬಗ್ಗಿಸಿದ್ದು ಒಂದು ಬಿಳಿ ಲಡಿ. ಬಣ್ಣವಿಲ್ಲದೆ ಬರೀ ತೊಳೆದು ಕೊಡಬೇಕಾಗಿದ್ದ ಗಿರಾಕಿಯ ನೂಲನ್ನು ಹೆಗಲ ಮೇಲೆ ಹಾಕಿಕೊಂಡು ಬರುವಾಗ ಕಿವಿಯಿಂದ ರಕ್ತ ತೊಟ್ಟಿಕ್ಕಿತ್ತು. ಎಲ್ಲರೂ ಸುತ್ತ ನಿಂತು ನೋಡಿದರು. ಮೂವತ್ತು ವರ್ಷದಲ್ಲಿ ಅವನ ಕೈಯಿಂದ ಒಂದು ಲಡಿ ಕೆಟ್ಟದ್ದಿಲ್ಲ.

"ನಾಳೆ ಹೋಗೋಣ," ಎಂದ, ಯಾರ ಮುಖವನ್ನೂ ನೋಡದೆ.

ಚರ್ಮದ ಡಾಕ್ಟರು ಚುರುಕಿನ ಹೆಂಗಸು. ಕೇಳಿದ ಪ್ರಶ್ನೆಗೆ ಉತ್ತರ ಬರುವ ಮೊದಲೇ ಮುಂದಿನ ಪ್ರಶ್ನೆ ಕೇಳುತ್ತಿದ್ದರು. ಗಂಡ ಕುರ್ಚಿಯಲ್ಲಿ ಮುದುರಿ ಕೂತಿದ್ದ. ಅವನು ಮತ್ತೆ ಕನ್ನಡಕದ ಕಥೆ ತೆಗೆಯುತ್ತಾನೆಂದು ಕಪ್ಪಮ್ಮನಿಗೆ ತಡೆಯಲಾಗಲಿಲ್ಲ. ಎಡಗೈಯಿಂದ ಅವನ ಕಿವಿ ಹಿಡಿದು ಮುಂದಕ್ಕೆಳೆದು, ತಪ್ಪು ಮಾಡಿದ ಹುಡುಗನನ್ನು ಮೇಷ್ಟರ ಮುಂದೆ ನಿಲ್ಲಿಸಿದ ಹಾಗೆ ತೋರಿಸಿದಳು. ಡಾಕ್ಟರು ದೀಪವಿರುವ ಪುಟ್ಟ ಭೂತಗನ್ನಡಿ ಹಿಡಿದು ಹುಣ್ಣನ್ನು ನೋಡಿದರು. ಆಮೇಲೆ ಕನ್ನಡಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಅಲ್ಲೇ ನಿಂತರು.

"ಕೈ ಹಾಗೇ ಇರಲಿ," ಎಂದರು.

"ಕಿವಿ ನೋಡಿ ಡಾಕ್ಟ್ರೇ."

"ಕಿವಿ ನೋಡಾಯ್ತು. ನಿಮ್ಮ ಹೆಬ್ಬೆಟ್ಟಿನ ಉಗುರಲ್ಲಿ ಈ ಗೆರೆ ಯಾವಾಗಿಂದ ಇದೆ?"

ಕಪ್ಪಮ್ಮ ನಕ್ಕಳು. "ಅದು ಬಣ್ಣ. ನಾವು ಬಣ್ಣ ಹಾಕೋರು."

"ಅಲ್ಲಿ ನಲ್ಲಿ ಇದೆ, ಸೋಪು ಹಾಕಿ ತೊಳ್ಕೊಂಡು ಬನ್ನಿ."

ತೊಳೆದುಕೊಂಡು ಬಂದಳು. ಉಗುರಿನ ಬುಡದಿಂದ ತುದಿಯವರೆಗೆ ಕರಿ ಗೆರೆ. ಬುಡದ ಕಡೆ ಅಗಲ, ತುದಿಯ ಕಡೆ ಸಪುರ. ಬುಡದ ಚರ್ಮದ ಮೇಲೂ ಮಸಿ ಚೆಲ್ಲಿದಂತೆ ಕಪ್ಪು ಹರಡಿತ್ತು. ಸೋಪಿನಲ್ಲಿ ಬಣ್ಣ ಎಲ್ಲಿ ಹೋಗುತ್ತೆ ಎಂದು ಅವಳು ವಿವರಿಸತೊಡಗಿದಳು. ಡಾಕ್ಟರು ತಡೆದರು. "ಮೇಲಿಂದ ಹತ್ತಿದ ಬಣ್ಣ ಉಗುರಿನ ಜೊತೆ ಬೆಳೆದು ಹೊರಗೆ ಹೋಗುತ್ತಮ್ಮ. ಇದು ಒಳಗಿಂದ ಬರ್ತಾ ಇರೋ ಹಾಗಿದೆ."

"ನನ್ನದು ಕ್ಯಾನ್ಸರ್ರಾ?" ಎಂದು ಗಂಡ ನಡುವೆ ಬಾಯಿ ಹಾಕಿದ. ಅವನಿಗೆ ತನ್ನ ಕಿವಿಯ ಚಿಂತೆ.

"ಇರಬಹುದು. ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀವಿ. ಚರ್ಮದ ಕ್ಯಾನ್ಸರಲ್ಲಿ ಸಾಮಾನ್ಯವಾಗಿ ಮೂರು ಜಾತಿ ನೋಡ್ತೀವಿ. ನಿಮ್ಮದು ಮೊದಲನೇ ಥರ ಕಾಣುತ್ತೆ. ಅಂಚು ಮುತ್ತಿನ ಹಾಗೆ ಹೊಳೆಯುತ್ತೆ, ಹುಣ್ಣು ಮಾಯುತ್ತೆ, ಮತ್ತೆ ಆಗುತ್ತೆ. ನಿಧಾನದ್ದು. ಇದ್ದ ಜಾಗದಲ್ಲೇ ಕೊರೀತಾ ಕೂತಿರುತ್ತೆ, ಬೇರೆ ಕಡೆ ಹೋಗೋದು ತುಂಬಾ ಅಪರೂಪ. ಎರಡನೇದು ಒರಟು, ಹೊಪ್ಪಳೆ ಏಳ್ತಾ ಗಂಟಿನ ಹಾಗೆ ಬೆಳೆಯುತ್ತೆ. ಬಿಟ್ಟರೆ ಕೆಲವು ಸಲ ಹರಡುತ್ತೆ."

"ಮೂರನೇದು?" ಎಂದಳು ಕಪ್ಪಮ್ಮ.

"ಮೂರನೇದು ಸಾಮಾನ್ಯವಾಗಿ ಕಪ್ಪು. ಮಚ್ಚೆ ಥರ ಇರುತ್ತೆ, ಆದರೆ ಆಕಾರ ಸರಿ ಇರಲ್ಲ, ಬಣ್ಣ ಒಂದೇ ಸಮ ಇರಲ್ಲ, ಬದಲಾಗ್ತಾ ಇರುತ್ತೆ. ಕೆಲವರಿಗೆ ಅಂಗಾಲಲ್ಲಿ, ಉಗುರಿನಡಿ ಬರುತ್ತೆ. ನೋವೇ ಇರಲ್ಲ. ಹಾಗಂತ ಅದು ನಮಗೋಸ್ಕರ ಕಾಯಲ್ಲ. ನಿಮ್ಮ ಉಗುರಿಂದಲೂ ಇವತ್ತೇ ಚೂರು ತೆಗೆಯೋಣ."

"ಇವತ್ತು ನಾನು ಇವರನ್ನ ತೋರಿಸೋಕೆ ಬಂದಿರೋದು. ಆರ್ಡರ್ ಮುಗೀಲಿ, ಬರ್ತೀನಿ," ಎಂದು ಕಪ್ಪಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಡಾಕ್ಟರು ಎಷ್ಟು ಹೇಳಿದರೂ ಆ ಕೈ ಮತ್ತೆ ಹೊರಗೆ ಬರಲಿಲ್ಲ.

ಬಸ್ಸಿನಲ್ಲಿ ಗಂಡ ಕಿವಿಗೆ ಬಿಳಿ ಪಟ್ಟಿ ಅಂಟಿಸಿಕೊಂಡು ಕೂತಿದ್ದ. "ಮನೇಲಿ ಹೇಳ್ತೀನಿ," ಎಂದ.

"ನಿಮ್ಮ ಕಿವಿ ವಿಷಯ ಹೇಳಿ, ಸಾಕು."

ಹೇಳದೆ ಬಿಡಲಿಲ್ಲ ಅವನು. ಸಂಜೆ ಬೇಯಿಸಿದ ಆಲೂಗಡ್ಡೆ ಬಡಿಸುತ್ತಿದ್ದಾಗ, ತಾಯಿ ಕಿವಿಯ ಬಗ್ಗೆ ಕೇಳುತ್ತಲೇ, "ನನ್ನ ಕಿವಿ ಬಿಡಮ್ಮ, ನಿನ್ನ ಸೊಸೆ ಹೆಬ್ಬೆಟ್ಟು ನೋಡು," ಎಂದ. ಮೂರು ಜಾತಿಗಳ ಕಥೆಯನ್ನೂ ತನಗೆ ತಿಳಿದಷ್ಟು ಹೇಳಿದ.

"ಹುಣ್ಣಲ್ಲೂ ಜಾತಿ ಮಾಡಿದಾರಾ," ಎಂದರು ಅತ್ತೆ.

"ಬಣ್ಣ ಕಣ್ರೀ, ಎಷ್ಟು ಸಲ ಹೇಳಲಿ," ಎಂದಳು ಕಪ್ಪಮ್ಮ. "ಹಂಡೇಲಿ ಕೈ ಇಟ್ಟವರಿಗೆ ಕೈ ಕಪ್ಪಾಗುತ್ತೆ."

ಮಗಳಿಗೆ ನಗು ಬಂತು. "ಅಮ್ಮ, ಇದು ಅಪ್ಪನ ಡೈಲಾಗು."

"ನಗಬೇಡ. ಪರದೆ ನೂಲಿಗೆ ಬಣ್ಣ ಯಾರು ಹಾಕ್ತಾರೆ, ನೀನಾ?"

ಮಗಳ ನಗು ನಿಂತಿತು. "ನಿಜವಾಗಲೂ ಬಣ್ಣಾನೇ ಆದ್ರೆ... ಇದೊಂದು ಆರ್ಡರ್ ಮುಗಿಸಿಕೊಂಡು ಹೋಗಬಹುದಲ್ವಾ," ಎಂದಳು. ಅಪ್ಪ ತಟ್ಟೆಯನ್ನು ತಳ್ಳಿದ. ತಾಯಿಗಿಂತ ಪರದೆ ಹೆಚ್ಚಾಯಿತೇ ನಿನಗೆ ಎಂದ. ನೀನು ಆರು ತಿಂಗಳು ಕಿವಿ ಸೋರಿಸಿಕೊಂಡು ಓಡಾಡಿದಾಗ ಎಲ್ಲಿ ಹೋಗಿತ್ತು ಈ ಬುದ್ಧಿ ಎಂದಳು ಮಗಳು. ಇಬ್ಬರೂ ದನಿ ಏರಿಸಿದರು. ಅವರಿಬ್ಬರ ನಡುವೆ ಅತ್ತೆ ತಮ್ಮ ಸುಕ್ಕುಗಟ್ಟಿದ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ, "ಎಲ್ಲರೂ ಇಡಿ ಕೈ," ಎಂದರು.

ಎಂಟು ಕೈ ಬಂದವು. ಅತ್ತೆ ಹಂಡೆ ಬಿಟ್ಟು ವರ್ಷಗಳಾಗಿದ್ದರಿಂದ ಅವರದು ಮಾತ್ರ ಸ್ವಚ್ಛ. ಉಳಿದವರ ಉಗುರುಗಳೆಲ್ಲ ಕೊಳೆ ನೀಲಿ.

"ಬೇಸಿಗೇಲಿ ನಾವು ಹಾಕಿದ್ದು ಬರೀ ಹಳದಿ," ಎಂದರು ಅತ್ತೆ. "ಇವರಿಬ್ಬರ ಉಗುರೂ ಅರಿಸಿನದ ಕೊಂಬಾಗಿತ್ತು. ಆಗ ನಿನ್ನ ಗೆರೆ ಯಾವ ಬಣ್ಣ ಇತ್ತಮ್ಮ?"

ಕಪ್ಪಮ್ಮ ನೆನಪಿಸಿಕೊಂಡಳು. ನೆನಪಾಯಿತು. ಆದರೂ, "ನಾನೇನು ಉಗುರು ನೋಡ್ತಾ ಕೂತಿದ್ನಾ," ಎಂದು ತಟ್ಟೆಗಳನ್ನು ಎತ್ತಿಕೊಂಡು ಹೋದಳು. ಮೂರು ತಟ್ಟೆಗಳಲ್ಲಿ ಇನ್ನೂ ಊಟವಿತ್ತು.

ಬೆಳಿಗ್ಗೆ ಯಾರಿಗೂ ಹೇಳದೆ ಅಂಗಳಕ್ಕೆ ಬಂದಳು. ಬಣ್ಣ ತಪ್ಪಿದ ನೂಲನ್ನು ಮತ್ತೆ ಬಿಳಿ ಮಾಡಲು ಅವರಲ್ಲಿ ಒಂದು ಪುಡಿಯಿತ್ತು, ಬಣ್ಣ ಕೀಳುವ ಪುಡಿ. ಬಿಸಿನೀರಿಗೆ ಹಾಕಿದರೆ ಮೂಗು ಮುಚ್ಚಿಕೊಳ್ಳಬೇಕು, ಅಂಥ ವಾಸನೆ. ಎಂಥ ಬಣ್ಣವಾದರೂ ಅದರ ಮುಂದೆ ನಿಲ್ಲುವುದಿಲ್ಲ. ಅವಳ ಕಪ್ಪು ಕೂಡ ಒದ್ದಾಡಿ ಒದ್ದಾಡಿ ಕಡೆಗೆ ಬಿಟ್ಟುಕೊಡುತ್ತದೆ. ಬಕೆಟ್ಟಿನಲ್ಲಿ ಅದನ್ನು ಕಲಸಿ ಮಣಿಕಟ್ಟಿನವರೆಗೆ ಎರಡೂ ಕೈ ಇಳಿಬಿಟ್ಟಳು. ಉರಿಯಿತು. ಹಲ್ಲು ಕಚ್ಚಿ ಕೂತಳು. ಆಗಾಗ ಎತ್ತಿ ನೋಡುವಳು, ಮತ್ತೆ ಅದ್ದುವಳು, ಮತ್ತೆ ಎತ್ತುವಳು. ಕೂತಲ್ಲಿ ಕೂರಲಾಗದೆ ಬಕೆಟ್ಟನ್ನೇ ಒಲೆಯ ಈ ಕಡೆಯಿಂದ ಆ ಕಡೆಗೆ ಎಳೆದಳು.

ವ್ಯಾನ್ ತೊಳೆಯಲು ಬಂದ ಮಗಳು ಅಲ್ಲೇ ನಿಂತುಬಿಟ್ಟಳು.

"ಅಮ್ಮ, ಇದು ನಿನ್ನ ಕೈಯಾ?"

ಹುಟ್ಟಿದಾಗಿನಿಂದ ಅವಳು ಕಂಡದ್ದು ನೀಲಿ ಕೈ, ಕೆಂಪು ಕೈ, ಕಪ್ಪು ಕೈ. ಈಗ ಬೆಳ್ಳಗೆ, ನೆನೆದು ಸುಕ್ಕಾದ, ಯಾರದೋ ಕೈಗಳಂಥ ಎರಡು ಪುಟ್ಟ ಕೈಗಳು ಬಕೆಟ್ಟಿನ ಅಂಚಿನ ಮೇಲಿದ್ದವು. ಒಂಬತ್ತು ಉಗುರುಗಳು ಬಿಳಿಚಿಕೊಂಡಿದ್ದವು. ಎಡ ಹೆಬ್ಬೆಟ್ಟಿನ ಮೇಲೆ ಗೆರೆ ಹಾಗೇ ಇತ್ತು. ಅವಳು ಜೀವಮಾನದಲ್ಲಿ ಹಾಕಿದ ಕಪ್ಪುಗಳಲ್ಲೆಲ್ಲ ಗಟ್ಟಿ ಕಪ್ಪು ಅದೇ ಆಗಿತ್ತು.

"ಬಿಡ್ತಿಲ್ಲ ಕಣೇ," ಎಂದಳು ಕಪ್ಪಮ್ಮ. ಆಗ ಅವಳಿಗೆ ಹೆದರಿಕೆಯಾಯಿತು. ಸಾವಿನ ಹೆದರಿಕೆ, ಬೇರೆ ಹೆಸರು ಅದಕ್ಕಿರಲಿಲ್ಲ. "ನನಗೆ ಗೊತ್ತಿರೋ ಯಾವ ಬಣ್ಣಾನೂ ಅಲ್ಲ ಇದು."

ಮಗಳು ಹತ್ತಿರ ಬಂದು ಬಗ್ಗಿ ನೋಡಿದಳು. ನಿನ್ನೆ ತಾನು ಆಡಿದ ಮಾತು ಅವಳ ಮುಖದ ಮೇಲೆ ಕಾಣುತ್ತಿತ್ತು. "ಸೀರೆ ಬದಲಾಯಿಸ್ಕೋ. ವ್ಯಾನ್ ತೆಗೀತೀನಿ," ಎಂದಳು.

"ಪರದೆ ನೂಲು?"

"ಸುಟ್ಟು ಹೋಗಲಿ ಪರದೆ."

ಉಗುರಿನ ಬುಡದಿಂದ ಚೂರು ತೆಗೆದರು. ಹೆಬ್ಬೆಟ್ಟಿಗೆ ಮುಷ್ಟಿ ಗಾತ್ರದ ಬ್ಯಾಂಡೇಜು ಬಂತು. ನೀರು ತಾಗಿಸಬಾರದು, ಹಂಡೆಯ ಹತ್ತಿರ ಸುಳಿಯಬಾರದು. ಕಪ್ಪಮ್ಮ ಅಂಗಳದಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಎದ್ದಳು. ಒಲೆ ಉರಿ ನೋಡಿದಳು. ಮತ್ತೆ ಕೂತಳು. ಪರದೆ ನೂಲನ್ನು ಸುಡುವಷ್ಟು ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ಗಂಡನೂ ಮಗಳೂ ಹಂಡೆಯ ಕೆಲಸಕ್ಕೆ ಇಳಿದರು.

"ಇನ್ನೊಂದು ನೀರು," ಎನ್ನುವಳು ಕಪ್ಪಮ್ಮ.

"ಈಗಷ್ಟೇ ಕೊಟ್ಟಿದೀನಮ್ಮ."

"ಗ್ಲೌಸ್ ತೆಗೆದು ಉಜ್ಜಿ ನೋಡು. ಜಾರುತ್ತಾ ಇಲ್ವಾ?"

"ತೆಗೆಯಲ್ಲ. ಈ ಮನೇಲಿ ಇನ್ನು ಯಾರೂ ಗ್ಲೌಸ್ ತೆಗೆಯಲ್ಲ."

"ಬಣ್ಣದಿಂದ ಬಂದದ್ದಲ್ಲ ಅಂತ ಡಾಕ್ಟರೇ ಹೇಳಿದಾರಲ್ಲೇ."

"ಹೇಳಿರಬಹುದು. ಆದರೆ ಬಣ್ಣ ಇದ್ದದ್ದಕ್ಕೇ ಅಲ್ವಾ ನಮಗೆ ಕಾಣದೆ ಹೋಗಿದ್ದು."

ಯಾರೂ ಇಲ್ಲದ ಹೊತ್ತಿನಲ್ಲಿ ಕಪ್ಪಮ್ಮ ಲಡಿಯೊಂದನ್ನು ಬಲಗೈಯ ಬೆರಳುಗಳಲ್ಲಿ ಉಜ್ಜಿ ನೋಡಿದಳು. ಜಾರುತ್ತಿದೆಯೋ ಹಿಡಿಯುತ್ತಿದೆಯೋ ತಿಳಿಯಲಿಲ್ಲ. ಅಷ್ಟು ವರ್ಷ ನೀರು ಹೊಯ್ದ ಕೈಗೆ ನೀರು ಹೊಯ್ಯುವುದಷ್ಟೇ ಬರುತ್ತಿತ್ತು. ಅವಳು ಆ ಲಡಿಯನ್ನು ತೊಟ್ಟಿಗೆ ಎಸೆದು, ಅಡುಗೆಮನೆಗೆ ಹೋಗಿ, ಆಗಲೇ ಒರೆಸಿದ್ದ ಮೇಜನ್ನು ಮತ್ತೆ ಒರೆಸಿದಳು.

ಮಾಲು ಹೋಯಿತು, ಅರ್ಧ ವಾಪಸ್ ಬಂತು. ಮುಟ್ಟಿದರೆ ಕೈಗೆ ಹತ್ತುತ್ತಿದೆ ಎಂದು ನಾಟಕ ಕಂಪನಿಯವರು ಹೇಳಿದರಂತೆ. ಯಾರೂ ಯಾರನ್ನೂ ಬೈಯಲಿಲ್ಲ. ಆ ಮನೆಯಲ್ಲಿ ಬೈಗುಳವಿಲ್ಲದ ಊಟ ಯಾರಿಗೂ ರುಚಿಸಲಿಲ್ಲ.

ಅಷ್ಟರಲ್ಲಿ ಗಂಡನ ಫಲಿತಾಂಶ ಬಂತು. ಮೊದಲನೇ ಜಾತಿ, ನಿಧಾನದ್ದು. ಇನ್ನೊಂದು ದಿನ ಹೋಗಿ ಉಳಿದದ್ದನ್ನೂ ಕೆತ್ತಿಸಿಕೊಂಡು ಬಂದ. ಕಿವಿಯ ಮೇಲಂಚು ಇಲಿ ಕಡಿದ ರೊಟ್ಟಿಯಂತಾಯಿತು, ಅಷ್ಟೇ. ಬೀದಿಯವರು ಬಂದು ಅವನನ್ನೇ ಮಾತಾಡಿಸಿದರು, ಹಣ್ಣು ಕೊಟ್ಟರು, ಪುಣ್ಯವಂತ ಎಂದರು. ಅವನು ಟೋಪಿ ಹಾಕಿಕೊಂಡು ಕೂತು ಎಲ್ಲರಿಗೂ ಚಹಾ ಕೊಡಿಸಿದ. ಚಹಾ ಮಾಡಿದವಳು ಕಪ್ಪಮ್ಮ, ಒಂದೇ ಕೈಯಲ್ಲಿ. ಆ ಬೀದಿಯವರ ಮೇಲೂ, ಆ ಹಣ್ಣಿನ ಮೇಲೂ, ಗಂಡನ ಕಿವಿಯ ಮೇಲೂ ಅವಳಿಗೆ ಸಿಟ್ಟು ಬಂತು. ಅವರೆಲ್ಲ ಹೋದ ಮೇಲೆ ಹೇಳಿಯೇಬಿಟ್ಟಳು.

"ನಿಮಗೆ ನಿಧಾನದ್ದು ಬಂತು. ಯಾವುದಕ್ಕೂ ಅವಸರ ಇಲ್ಲದವರಿಗೆ ಅದೂ ನಿಧಾನವಾಗೇ ಬಂತು."

ಗಂಡ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡ. "ನೀನು ಎಳ್ಕೊಂಡು ಹೋಗದಿದ್ರೆ ನಾನು ಹೋಗ್ತಿರಲಿಲ್ಲ. ನಾನು ಹೋಗದಿದ್ರೆ ನಿನ್ನದು ಕಾಣ್ತಿರಲಿಲ್ಲ," ಎಂದ. "ನಾನು ಆರು ತಿಂಗಳು ಮೊದಲೇ ಹೋಗಬೇಕಿತ್ತು." ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ಅವಳು ಕೇಳಿರಲಿಲ್ಲ. ಬೀದಿಯವರು ಕುಡಿದಿಟ್ಟ ಲೋಟಗಳನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋದಳು.

ಅವಳ ಫಲಿತಾಂಶ ಬಂದ ದಿನ ಗಂಡನೂ ಮಗಳೂ ಜೊತೆಗಿದ್ದರು. ಡಾಕ್ಟರು ಮೊದಲ ಸಲ ನಿಧಾನವಾಗಿ ಮಾತಾಡಿದರು. ಅಷ್ಟರಿಂದಲೇ ಕಪ್ಪಮ್ಮನಿಗೆ ತಿಳಿಯಿತು.

"ಮೂರನೇದು," ಎಂದಳು.

"ಹೌದಮ್ಮ. ಆದರೆ ತುಂಬಾ ಆಳಕ್ಕೆ ಇಳಿದಿಲ್ಲ. ಕಂಕುಳಲ್ಲಿ ಗಂಟು ಸಿಗ್ತಿಲ್ಲ, ಅದನ್ನೂ ಪರೀಕ್ಷೆ ಮಾಡ್ತೀವಿ. ಬೇಗ ಬಂದಿದೀರಿ ಅಂತಾನೇ ಅಂದುಕೊಳ್ಳೋಣ. ಹೆಬ್ಬೆಟ್ಟಿನ ಮೇಲಿನ ಗೆಣ್ಣು ತೆಗೀಬೇಕಾಗುತ್ತೆ."

"ಉಗುರು ಕಿತ್ತುಬಿಡಿ. ಪೂರ್ತಿ ಕಿತ್ತುಬಿಡಿ. ಬೆರಳು ಇರಲಿ."

"ನಿಮ್ಮದು ಉಗುರಲ್ಲಿಲ್ಲ, ಉಗುರಿನ ಕೆಳಗಿದೆ. ಅಲ್ಲಿ ಸ್ವಲ್ಪ ಉಳಿಸಿದರೂ ಅದು ಬೇರೆ ದಾರಿ ಹಿಡಿಯುತ್ತೆ. ಆಮೇಲೆ ಕೈಯನ್ನೇ ಕೊಟ್ಟರೂ ಕೇಳಲ್ಲ."

"ನನ್ನ ಕೆಲಸ ಇರೋದೇ ಅದರಲ್ಲಿ."

ಮಗಳು ಹೇಳಿದಳು: "ಕೆಲಸ ಹೋಗಲಿ ಅಮ್ಮ. ನೀನಿರು." ಮನೆಯಲ್ಲಿ ಮೂರು ಹೊತ್ತೂ ಜಗಳವಾಡುವ ಹುಡುಗಿ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಕಪ್ಪಮ್ಮ ಕುರ್ಚಿಯಿಂದ ಎದ್ದು ಕಿಟಕಿಯವರೆಗೆ ಹೋಗಿ ಬಂದಳು. ಮತ್ತೆ ಹೋಗಿ ಬಂದಳು.

"ಯಾವಾಗ?" ಎಂದಳು.

"ನಾಳೆ ಬೆಳಿಗ್ಗೆ ಒಂದು ಜಾಗ ಖಾಲಿ ಇದೆ."

ಕೆಳಗಿನ ಕೌಂಟರಿನಲ್ಲಿ ಕೂತಿದ್ದ ಹುಡುಗಿ ಒಪ್ಪಿಗೆಯ ಕಾಗದವನ್ನು ಓದಿ ಹೇಳಿದಳು. ಓದಿ ಮುಗಿಸಿ, "ಸಹಿನಾ, ಹೆಬ್ಬೆಟ್ಟಾ?" ಎಂದಳು.

"ಹೆಬ್ಬೆಟ್ಟು," ಎಂದಳು ಕಪ್ಪಮ್ಮ. ಅಕ್ಷರ ಕಲಿಯುವ ವಯಸ್ಸಿನಲ್ಲಿ ಅವಳು ತವರಿನ ಹಂಡೆಗಳಿಗೆ ನೀರು ಹೊಯ್ಯುತ್ತಿದ್ದಳು.

ಹುಡುಗಿ ಮಸಿಯ ಪ್ಯಾಡನ್ನು ಮುಂದೆ ತಳ್ಳಿದಳು. "ಎಡಗೈದು ಒತ್ತಿ." ಆಮೇಲೆ ತಲೆ ಎತ್ತಿ, ಬೆರಳಿಗೆ ಸುತ್ತಿದ್ದ ಪಟ್ಟಿಯನ್ನು ನೋಡಿ, ಕಾಗದವನ್ನು ನೋಡಿ, ಕೆಂಪಗಾದಳು. "ಬಲಗೈದೇ ಒತ್ತಿ ಅಮ್ಮ. ನಡೆಯುತ್ತೆ."

"ಎಡಗೈದೇ ಆಗಲಿ," ಎಂದಳು ಕಪ್ಪಮ್ಮ. "ಹೋಗೋದು ಅದು. ಅದರದ್ದೇ ಒಪ್ಪಿಗೆ ತಗೋ."

ಪಟ್ಟಿಯನ್ನು ತಾನೇ ಬಿಚ್ಚಿದಳು. ಗಾಯ ಉಗುರಿನ ಕಡೆಯಿತ್ತು, ಬೆರಳಿನ ಹೊಟ್ಟೆ ನೆಟ್ಟಗಿತ್ತು. ಅದನ್ನು ಪ್ಯಾಡಿನ ಮೇಲೆ ಹೊರಳಿಸಿ ಕಾಗದದ ಮೇಲೆ ಇಟ್ಟು ಒತ್ತಿದಳು. ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗಿ ಒಂದು ಬಟ್ಟೆಯ ಚೂರು ಕೊಟ್ಟು, ಎಲ್ಲರಿಗೂ ಹೇಳುವ ಹಾಗೆ, "ಒರೆಸ್ಕೊಳ್ಳಿ, ಹೋಗುತ್ತೆ," ಎಂದಳು.

ಕಪ್ಪಮ್ಮ ಬಟ್ಟೆ ತೆಗೆದುಕೊಳ್ಳಲಿಲ್ಲ. ಮಸಿ ಹತ್ತಿದ ಬೆರಳನ್ನು ಮುಂದೆ ಹಿಡಿದುಕೊಂಡು ಹಾಗೇ ನಿಂತಳು. "ಹೋಗುತ್ತೆ," ಎಂದು ಮೆಲ್ಲಗೆ ಅಂದಳು. "ನಾಳೆ ಹೋಗೇ ಹೋಗುತ್ತಲ್ಲ. ಇವತ್ತು ಯಾಕೆ ಒರೆಸೋದು."

ಅವಳ ಹಿಂದೆ ನಿಂತಿದ್ದ ಗಂಡ ಕೈ ಚಾಚಿ ಬಟ್ಟೆಯನ್ನು ಇಸಿದುಕೊಂಡ. ಕೌಂಟರಿನ ಮೂಲೆಯಲ್ಲಿದ್ದ ಕೂಜದ ನೀರಲ್ಲಿ ಅದನ್ನು ನೆನೆಸಿ, ಅಲ್ಲೇ ಜನರ ನಡುವೆ, ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಹೆಬ್ಬೆಟ್ಟನ್ನು ಒರೆಸತೊಡಗಿದ. ಗೆರೆ ಗೆರೆಯ ಸಂದಿಯಿಂದಲೂ ಮಸಿ ಬಿಡಿಸಿದ. ಹಿಂದೆ ಸಾಲಿನಲ್ಲಿದ್ದವರು ಕಾದರು.

ಕಪ್ಪಮ್ಮ ಅಳುತ್ತಿದ್ದಳು. "ಮೆಲ್ಲಗೆ ರೀ," ಎಂದಳು. "ನೋವಾಗುತ್ತೆ."